ದೀಪ ದೊಡ್ಡದು ಮಾಡು

ಜುಲೈ 2, ಬುಧವಾರ

ಇದು ಹೋದ ವರ್ಷದ ಪ್ರಾಕ್ಟಿಕಲ್ ರೆಕಾರ್ಡ್ ಬುಕ್ಕು. ಒಂದು ಪುಟಕ್ಕೆ ಗೆರೆ, ಎದುರಿನ ಪುಟ ಬಿಳಿ. ರೆಕಾರ್ಡ್ ಬರೆದು ಮುಗಿದ ಮೇಲೂ ಹಿಂದೆ ನಲವತ್ತು ಹಾಳೆ ಉಳಿದಿದ್ದವು. ಎಸೆಯಲು ಮನಸ್ಸಾಗಲಿಲ್ಲ. ನನ್ನ ಪಾಡನ್ನು ಯಾರ ಮುಂದೆಯೂ ಹೇಳಿಕೊಳ್ಳಲು ಮೊದಲೇ ಮನಸ್ಸಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ವಿಷಯ ಇಷ್ಟು. ಬಿ.ಎಸ್ಸಿ. ಕೊನೆಯ ಸೆಮಿಸ್ಟರಿನಲ್ಲಿ ಎಲ್ಲ ಪಾಸಾಗಿದ್ದೇನೆ, ಮೈಕ್ರೋಬಯಾಲಜಿ ಪ್ರಾಕ್ಟಿಕಲ್ ಒಂದು ಬಿಟ್ಟು. ಮೂವತ್ತೈದರಲ್ಲಿ ಪಾಸಾಗಲು ಹದಿನಾಲ್ಕು ಅಂಕ ಬೇಕು, ನನಗೆ ಬಂದದ್ದು ಹನ್ನೊಂದು. ಥಿಯರಿಯಲ್ಲಿ ಇಡೀ ಕ್ಲಾಸಿಗೇ ಹೆಚ್ಚು ಅಂಕ ತೆಗೆದವಳು ಪ್ರಾಕ್ಟಿಕಲ್ಲಿನಲ್ಲಿ ಫೇಲು! ಮರುಪರೀಕ್ಷೆ ಜುಲೈ 22ಕ್ಕೆ, ಚನ್ನಗಿರಿಯ ಒಂದು ಕಾಲೇಜಿನಲ್ಲಿ. ನಲ್ಲೂರಿನಲ್ಲಿ ಜೀವಾಣು ಗೊಬ್ಬರ ತಯಾರಿಸುವ ಗುರುಬಸವರಾಜ್ ಅವರು ನನ್ನನ್ನು ತಮ್ಮ ಲ್ಯಾಬಿಗೆ ತೆಗೆದುಕೊಳ್ಳುತ್ತೇನೆ ಎಂದಿದ್ದಾರೆ. ಆದರೆ ಆಗಸ್ಟ್ ಹದಿನೈದರೊಳಗೆ ಪಾಸಾದದ್ದನ್ನು ತೋರಿಸಬೇಕು. ಇಲ್ಲದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತಾರೆ. ಮುಂದಿನ ಪರೀಕ್ಷೆ ಇನ್ನೊಂದು ವರ್ಷಕ್ಕೆ. ಅಲ್ಲಿಯತನಕ ನ್ಯಾಮತಿ ಬಸ್‌ಸ್ಟ್ಯಾಂಡ್ ಪಕ್ಕದ ಅಪ್ಪನ ಅಂಗಡಿಯಲ್ಲಿ ಮಂಡಕ್ಕಿ ಕಲಸಬೇಕು, ಮೆಣಸಿನಕಾಯಿ ಬಜ್ಜಿ ಕರಿಯಬೇಕು. ಬಜ್ಜಿ ಕರಿಯುವುದು ಕೀಳು ಎಂದಲ್ಲ, ನಾನು ಚೆನ್ನಾಗಿಯೇ ಕರಿಯುತ್ತೇನೆ. ಆದರೆ ಅದಕ್ಕೆ ಮೂರು ವರ್ಷ ಬಸ್ಸಿನಲ್ಲಿ ನಿಂತು ಹೊನ್ನಾಳಿಗೆ ಹೋಗಿ ಬರಬೇಕಿರಲಿಲ್ಲ.

ಪಾಸಾಗುತ್ತೇನೆ. ಈ ಪುಟದ ಮೇಲೆ ಬರೆದಿದ್ದೇನೆ, ಅಳಿಸುವ ಪ್ರಶ್ನೆಯೇ ಇಲ್ಲ.

ಇವತ್ತು ಲ್ಯಾಬಿನಲ್ಲಿ ಅಭ್ಯಾಸ ಮಾಡಲು ಅನುಮತಿ ಕೇಳೋಣ ಎಂದು ಹೊನ್ನಾಳಿಯ ನಮ್ಮ ಕಾಲೇಜಿಗೆ ಹೋದೆ. ವಿಭಾಗದ ಬಾಗಿಲ ಹೊರಗೆ ಮುಕ್ಕಾಲು ಗಂಟೆ ನಿಂತೆ. ಮುಖ್ಯಸ್ಥೆ ಶಾಂತಲಾ ಮೇಡಂ ಒಳಗೆ ಏನೋ ಬರೆಯುತ್ತಿದ್ದರು. ಅವರು ತಲೆ ಎತ್ತಲಿಲ್ಲ, ನಾನು ಬಾಯಿ ತೆರೆಯಲಿಲ್ಲ. ಹಾಗೇ ವಾಪಸು ಬಂದೆ.

ಜುಲೈ 3, ಗುರುವಾರ

ಯಾಕೆ ಫೇಲಾದೆ ಎಂದು ಬರೆಯಬಾರದು ಅಂದುಕೊಂಡಿದ್ದೆ. ಬೆಳಿಗ್ಗೆ ಅವ್ವನೇ ಬರೆಸಿದಳು.

ಪೂಜೆ ಮುಗಿದಿತ್ತು. ಇಬ್ಬರೂ ಅಂಗಡಿಗೆ ಹೊರಟಿದ್ದೆವು. ಅವ್ವ ಚಪ್ಪಲಿ ಮೆಟ್ಟುತ್ತಾ ಕೂಗಿದಳು.

“ನೇತ್ರಾ, ಬೀಗ ಹಾಕಾಕಿಂತ ಮುಂಚೆ ದೀಪ ದೊಡ್ಡದು ಮಾಡವ್ವಾ.”

ಹೋಗಿ ಹೂವಿನ ಎಸಳಿನಿಂದ ಬತ್ತಿ ಒತ್ತಿ ದೀಪ ಆರಿಸಿದೆ. ನಮ್ಮಲ್ಲಿ ದೀಪ ಆರಿಸು ಎನ್ನಬಾರದು, ಅದು ಕೆಟ್ಟ ಮಾತು. ದೊಡ್ಡದು ಮಾಡು ಎಂದರೆ ಆರಿಸು ಎಂದೇ ಅರ್ಥ. ಅಕ್ಕಿ ಮುಗಿದರೆ ಅವ್ವ ‘ಅಕ್ಕಿ ಹೆಚ್ಚೈತೆ’ ಎನ್ನುತ್ತಾಳೆ. ನಮ್ಮ ಮನೆಯಲ್ಲಿ ಯಾವುದೂ ಮುಗಿಯುವುದಿಲ್ಲ, ಎಲ್ಲ ಹೆಚ್ಚಾಗುತ್ತಲೇ ಇರುತ್ತದೆ. ಮಾತು ಇಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ನಮ್ಮ ಲ್ಯಾಬಿನ ಅಟೆಂಡರ್ ಓಬಳಪ್ಪ ಜಗಳೂರು ಕಡೆಯವರು. ಮೂರು ವರ್ಷವೂ ಪ್ರಾಕ್ಟಿಕಲ್ ಮುಗಿದ ಕೂಡಲೇ “ದೀಪ ದೊಡ್ಡದು ಮಾಡ್ರೀ” ಎಂದು ಕೂಗುತ್ತಿದ್ದರು. ನಾವೆಲ್ಲ ಸ್ಪಿರಿಟ್ ದೀಪಗಳಿಗೆ ಟಪಟಪ ಮುಚ್ಚಳ ಹಾಕಿ ಕೈ ತೊಳೆಯಲು ಓಡುತ್ತಿದ್ದೆವು.

ಪರೀಕ್ಷೆಯ ದಿನ ಹೊರಗಿನಿಂದ ಬಂದಿದ್ದ ಮೇಡಂ ಮಂಗಳೂರು ಕಡೆಯವರು. ನಾನು ತುದಿ ಸುತ್ತಿದ ತಂತಿಯ ಲೂಪ್ ಹಿಡಿದು ಇನ್ನೇನು ಬ್ಯಾಕ್ಟೀರಿಯಾ ಬೆಳೆಸುವ ಪ್ಲೇಟಿನ ಮೇಲೆ ಗೆರೆ ಎಳೆಯಬೇಕು. ನನ್ನ ದೀಪದ ಉರಿ ಸಣ್ಣಗಿತ್ತು. ಅವರು ಹಿಂದೆ ಬಂದು ನಿಂತು “ದೀಪ ದೊಡ್ಡದು ಮಾಡಮ್ಮಾ” ಎಂದರು.

ನಾನು ಮುಚ್ಚಳ ಹಾಕಿದೆ.

ಟೈಮ್ ಆಯಿತೇನೋ ಅಂದುಕೊಂಡು, ಗಾಬರಿಯಲ್ಲಿ, ಆರಿದ ದೀಪದ ಪಕ್ಕದಲ್ಲೇ ಕಾಯಿಸದ ಲೂಪಿನಿಂದ ಸರಸರ ಗೆರೆ ಎಳೆದೆ. ಸೂಕ್ಷ್ಮಾಣುಜೀವಿ ಕೆಲಸದಲ್ಲಿ ಇದಕ್ಕಿಂತ ದೊಡ್ಡ ತಪ್ಪಿಲ್ಲ. ತಂತಿಯನ್ನು ಉರಿಯಲ್ಲಿ ಕೆಂಪಗೆ ಕಾಯಿಸದಿದ್ದರೆ ಗಾಳಿಯಲ್ಲಿದ್ದದ್ದು, ಕೈಯಲ್ಲಿದ್ದದ್ದು ಎಲ್ಲ ಪ್ಲೇಟಿಗೆ ಇಳಿಯುತ್ತದೆ. “ಇಷ್ಟೂ ಗೊತ್ತಿಲ್ಲವಾ ನಿನಗೆ?” ಎಂದರು. ಅವರು ಹೇಳಿದ್ದು ಉರಿ ಏರಿಸಲು ಎಂದು ಆಗ ಹೊಳೆಯಿತು, ಆದರೆ ಕೇಳಲಿಲ್ಲ. ಆಮೇಲೆ ಬ್ಯಾಕ್ಟೀರಿಯಾಕ್ಕೆ ಬಣ್ಣ ಹಾಕುವ ಗ್ರಾಂ ಸ್ಟೇನಿಂಗೂ ಕೆಟ್ಟಿತು, ವೈವಾದ ಬಾಯಿಪ್ರಶ್ನೆಗಳಿಗೆ ಹೆಸರು ಬಿಟ್ಟು ಬೇರೇನೂ ಹೇಳಲಿಲ್ಲ. ಮನೆಯಲ್ಲಿ ವೈವಾ ಕಷ್ಟ ಇತ್ತು ಎಂದಿದ್ದೇನೆ. ನಿಜ ಹೇಳಿದರೆ ಅಪ್ಪ ನಗುತ್ತಾನೆ, ಅವ್ವ ಅಳುತ್ತಾಳೆ. ಎರಡೂ ಬೇಡ.

ಜುಲೈ 5, ಶನಿವಾರ

ಮತ್ತೆ ಬಾಗಿಲ ಹೊರಗೆ ನಿಂತಿದ್ದೆ. ಓಬಳಪ್ಪ ಟ್ರೇ ತುಂಬ ಟೆಸ್ಟ್‌ಟ್ಯೂಬ್ ಹಿಡಿದು ಬಂದರು.

“ಏನವ್ವಾ, ಮೊನ್ನೆನೂ ಇಲ್ಲೇ ನಿಂತಿದ್ದಿ. ಕಂಬ ಆಗೀಯೇನು?”

ನಕ್ಕೆ. ಅವರು ನಗಲಿಲ್ಲ. ಬಾಗಿಲನ್ನು ಭುಜದಿಂದ ತಳ್ಳಿ ಒಳಗೆ ಹೋಗಿ, “ಮೇಡಂ, ಈ ಹುಡುಗಿ ಏನೋ ಕೇಳಾಕೆ ಬಂದೈತೆ” ಎಂದುಬಿಟ್ಟರು. ಇನ್ನು ಕೇಳದೆ ದಾರಿಯಿರಲಿಲ್ಲ.

ಎರಡನೇ ವರ್ಷದವರ ಪ್ರಾಕ್ಟಿಕಲ್ ಮುಗಿದ ಮೇಲೆ, ಮೂರರಿಂದ ಐದು, ಓಬಳಪ್ಪ ಇದ್ದರೆ ಮಾತ್ರ. ಶಾಂತಲಾ ಮೇಡಂ ಅಷ್ಟು ಹೇಳಿ ಮತ್ತೆ ಬರೆಯತೊಡಗಿದರು. ಇಷ್ಟಕ್ಕೆ ನಾನು ಎರಡು ದಿನ ಕಂಬವಾಗಿದ್ದೆ.

ಜುಲೈ 7, ಸೋಮವಾರ

ಗ್ರಾಂ ಸ್ಟೇನಿಂಗ್. ಗಾಜಿನ ಪಟ್ಟಿಯ ಮೇಲೆ ಬ್ಯಾಕ್ಟೀರಿಯಾ ಸವರಿ, ನೇರಳೆ ಬಣ್ಣ, ಆಮೇಲೆ ಅಯೋಡಿನ್, ಆಮೇಲೆ ಆಲ್ಕೋಹಾಲಿನಿಂದ ತೊಳೆದು, ಕೊನೆಗೆ ಕೆಂಪು ಬಣ್ಣ. ಒಂದು ಜಾತಿಯವು ನೇರಳೆಯನ್ನು ಬಿಡುವುದಿಲ್ಲ, ಇನ್ನೊಂದು ಜಾತಿಯವು ಬಿಟ್ಟು ಕೆಂಪಾಗುತ್ತವೆ. ನನಗೆ ಕೊಟ್ಟಿದ್ದ ಬ್ಯಾಕ್ಟೀರಿಯಾ ನೇರಳೆಯಾಗಬೇಕಾದದ್ದು. ಮೈಕ್ರೋಸ್ಕೋಪಿನಲ್ಲಿ ಇಣುಕಿದರೆ ಕಂಡದ್ದೆಲ್ಲ ಕೆಂಪು. ಪರೀಕ್ಷೆಯಲ್ಲೂ ಹೀಗೇ ಆಗಿತ್ತು.

ಜುಲೈ 8, ಮಂಗಳವಾರ

ಕೆಂಪು.

ಜುಲೈ 9, ಬುಧವಾರ

ಕೆಂಪು. ನಾಲ್ಕು ಸ್ಲೈಡ್. ಅಂಗಡಿಯ ಕೆಂಪು ಚಟ್ನಿ ನೋಡಿದರೂ ಸಿಟ್ಟು ಬರುತ್ತಿದೆ.

ಜುಲೈ 10, ಗುರುವಾರ

ಓಬಳಪ್ಪ ಇಷ್ಟು ದಿನ ಮೂಲೆಯ ಸಿಂಕಿನಲ್ಲಿ ಗಾಜು ತೊಳೆಯುತ್ತಾ ನೋಡುತ್ತಿದ್ದರು, ಏನೂ ಹೇಳಿರಲಿಲ್ಲ. ಇವತ್ತು ನನಗೇ ತಡೆಯಲಿಲ್ಲ.

“ಓಬಳಪ್ಪಾರೇ, ನನ್ನದು ಯಾಕೆ ಕೆಂಪಾಗ್ತೈತೆ?”

“ಅದನ್ನ ಕೇಳಾಕೆ ನಾಕು ದಿನ ಬೇಕಾಯ್ತಾ?” ಎಂದು ಕೈ ಒರೆಸಿಕೊಂಡು ಬಂದರು. “ಆಲ್ಕೋಹಾಲ್ ಹಾಕುವಾಗ ತುಟಿ ಅಲ್ಲಾಡಿಸ್ತಿಯಲ್ಲ, ಏನದು, ಮಂತ್ರನಾ?”

“ಎಣಿಸ್ತೀನಿ. ಮೂವತ್ತು ಸೆಕೆಂಡು. ಪುಸ್ತಕದಾಗೆ ಐತೆ.”

“ಪುಸ್ತಕದೋರು ನಿನ್ನ ಸ್ಲೈಡ್ ನೋಡ್ಯಾರಾ? ನೀನು ತೆಳ್ಳಗೆ ಸವರಿದ್ರೆ ಹತ್ತಕ್ಕೇ ಬಣ್ಣ ಬಿಡ್ತೈತೆ, ದಪ್ಪ ಸವರಿದ್ರೆ ಇಪ್ಪತ್ತೈದು. ಎಣಿಸಬ್ಯಾಡ, ನೋಡು. ತೊಟ್ಟಿಕ್ಕೋದ್ರಾಗೆ ನೇರಳೆ ಬರೋದು ನಿಂತಿತಾ, ಆ ಕ್ಷಣಕ್ಕೆ ನೀರಾಗೆ ತೊಳಿ.”

ಆಲ್ಕೋಹಾಲ್ ಯಾಕೆ ಒಂದು ಜಾತಿಯ ಬ್ಯಾಕ್ಟೀರಿಯಾದ ಕೋಶಗೋಡೆಯನ್ನು ತೂರುತ್ತದೆ, ಇನ್ನೊಂದರದ್ದನ್ನು ತೂರುವುದಿಲ್ಲ ಎಂದು ನಾನು ಎರಡು ಪುಟ ಬರೆಯಬಲ್ಲೆ. ಅದನ್ನು ಅವರಿಗೆ ವಿವರಿಸಿದೆ. ಇಪ್ಪತ್ತಾರು ವರ್ಷದಿಂದ ಈ ಕೆಲಸ ನೋಡುತ್ತಿರುವ ಅವರಿಗೆ ಅದನ್ನು ಯಾರೂ ಹೇಳಿರಲಿಲ್ಲವಂತೆ. “ಗೋಡೆ ದಪ್ಪ ಇದ್ದದ್ದು ತಡೀತೈತೆ ಅನ್ನು” ಎಂದು ತಲೆದೂಗಿದರು.

ಜುಲೈ 11, ಶುಕ್ರವಾರ

ನೇರಳೆ! ಮನೆಯ ಮೊಸರನ್ನೇ ಸಣ್ಣ ಡಬ್ಬಿಯಲ್ಲಿ ಒಯ್ದಿದ್ದೆ. ಕಡ್ಡಿ ಕಡ್ಡಿ, ಜೋಡಿ ಜೋಡಿ, ಸಾಲು ಸಾಲು, ಎಲ್ಲ ನೇರಳೆ. ಮೂರು ಸ್ಲೈಡ್ ಮಾಡಿದೆ, ಮೂರೂ ನೇರಳೆ. ಬಿಳಿ ಪುಟದಲ್ಲಿ ಚಿತ್ರ ಬರೆದಿದ್ದೇನೆ. ಎಷ್ಟು ಖುಷಿಯಾಯಿತು ಎಂದರೆ, ಬಸ್ಸಿನಲ್ಲಿ ಪಕ್ಕ ಕೂತ ಅಜ್ಜಿಗೂ ಹೇಳಿದೆ.

ಅವ್ವನಿಗೆ ಹೇಳಿದ್ದು ತಪ್ಪಾಯಿತು. “ನಮ್ಮ ಮೊಸರಾಗೆ ಹುಳ ಐತಾ? ಯಾರ ಮುಂದೆನೂ ಅನ್ನಬ್ಯಾಡ, ಅಂಗಡಿಗೆ ಜನ ಬರಲ್ಲ” ಎಂದಳು.

ಜುಲೈ 13, ಭಾನುವಾರ

ಲ್ಯಾಬ್ ಇಲ್ಲ. ಆದರೆ ಗೆರೆ ಎಳೆಯುವ ಕೈ ಇನ್ನೂ ಕಚ್ಚಾ ಇದೆ. ಪ್ಲೇಟಿನಲ್ಲಿರುವ ಅಗರ್ ಗಟ್ಟಿ ತುಪ್ಪದಂತೆ ಮೃದು. ಲೂಪಿನಿಂದ ಅದರ ಮೇಲೆ ನಾಲ್ಕು ದಿಕ್ಕಿಗೆ ಗೆರೆ ಎಳೆಯಬೇಕು, ಮೇಲ್ಮೈ ಹರಿಯಬಾರದು. ಸರಿಯಾಗಿ ಎಳೆದರೆ ಮಾರನೆಯ ದಿನ ಕೊನೆಯ ಗೆರೆಯಲ್ಲಿ ಬ್ಯಾಕ್ಟೀರಿಯಾದ ಗುಂಪುಗಳು ಬಿಡಿಬಿಡಿ ಚುಕ್ಕೆಯಾಗಿ ಏಳುತ್ತವೆ.

ಮೋಟರ್ ವೈಂಡಿಂಗ್ ಮಾಡುವ ವಿನಯ್ ಕುಮಾರ್ ಅಂಗಡಿಗೆ ಹೋಗಿ, ಸುಟ್ಟ ಹೀಟರ್ ಕಾಯಿಲ್ ಇದ್ದರೆ ಕೊಡ್ತೀರಾ ಎಂದು ಕೇಳಿದೆ. ಯಾಕೆ ಎಂದರು. ಹೇಳಿದೆ. ತಂತಿಯನ್ನು ನೆಟ್ಟಗೆ ಮಾಡಿ, ತುದಿಗೆ ಸುತ್ತು ಹಾಕಿ, ಹಳೆಯ ಸ್ಕ್ರೂಡ್ರೈವರ್ ಹಿಡಿಗೆ ಸಿಕ್ಕಿಸಿಯೇ ಕೊಟ್ಟರು. ಕಿರಾಣಿಯಲ್ಲಿ ಅಗರಿಗೆ ಚೈನಾಗ್ರಾಸ್ ಎನ್ನುತ್ತಾರೆ, ಅದನ್ನು ತಂದು ಕುದಿಸಿ, ಅಂಗಡಿಯ ಸ್ಟೀಲ್ ತಟ್ಟೆಗಳಿಗೆ ಹುಯ್ದೆ. ಒಂಬತ್ತು ತಟ್ಟೆ. ಮೊದಲ ಐದು ಉತ್ತ ಹೊಲದ ಹಾಗೆ ಹರಿದವು. ಆರನೆಯದರಿಂದ ಕೈ ಹಗುರಾಯಿತು.

ಅಪ್ಪ ಬಂದು ಬಗ್ಗಿ ನೋಡಿದ. “ಇದಕ್ಕೆ ಸಕ್ರಿ ಹಾಕಿಲ್ಲೇನು?” ಎಂದು ಕೇಳಿ, ತಾನೇ ಸಕ್ಕರೆ ಉದುರಿಸಿ ಎರಡು ತಟ್ಟೆ ತಿಂದ.

ಜುಲೈ 15, ಮಂಗಳವಾರ

ಇವತ್ತು ಬರೆಯಲು ಕಷ್ಟ.

ಪ್ಲೇಟು ಚೆನ್ನಾಗಿ ಬಂದಿತ್ತು. ಓಬಳಪ್ಪ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, “ಕೈ ಚಲೋ ಐತೆ. ಇಂಥಾ ಕೈಗೆ ಫೇಲ್ ಹೆಂಗಾದೆ ನೀನು?” ಎಂದರು. ಯಾರೂ ಇಲ್ಲಿಯವರೆಗೆ ಹಾಗೆ ಕೇಳಿರಲಿಲ್ಲ. ಎಲ್ಲರೂ ಯಾಕೆ ಓದಲಿಲ್ಲ ಎಂದೇ ಕೇಳಿದ್ದರು. ಹೇಳಿಬಿಟ್ಟೆ. ದೀಪದ ಮಾತು ಪೂರ್ತಿ ಹೇಳಿದೆ. ನಗುತ್ತಾರೆ ಎಂದೇ ಹೇಳಿದ್ದು.

ಅವರು ಪ್ಲೇಟನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು.

“ನನ್ನ ಮಾತಿಗೆ ನಿನ್ನ ವರ್ಷ ಹೋಯ್ತೇನವ್ವಾ?”

“ನಿಮ್ಮದೇನಿಲ್ಲ ರೀ. ನಮ್ಮವ್ವನೂ ಹಂಗೇ ಅಂತಾಳೆ.”

“ನಿಮ್ಮವ್ವ ಲ್ಯಾಬಿನಾಗೆ ಅನ್ನಲ್ಲ. ನಾನು ಅಂದೆ. ಇಪ್ಪತ್ತಾರು ವರ್ಷ ಅಂದೆ.”

ಮತ್ತೆ ಸಿಂಕಿಗೆ ಹೋದರು. ಐದಕ್ಕೆ ನಾನು ಹೊರಡುವಾಗ ನನ್ನ ಕಡೆ ನೋಡದೆ, “ಅದನ್ನ ಆಫ್ ಮಾಡವ್ವಾ” ಎಂದರು. ಸ್ಪಿರಿಟ್ ದೀಪಕ್ಕೆ ಸ್ವಿಚ್ ಇದೆಯೇ, ಆಫ್ ಮಾಡಲು? ಮುಚ್ಚಳ ಹಾಕಿದೆ. ಹೇಳಬಾರದಿತ್ತು.

ಜುಲೈ 17, ಗುರುವಾರ

ಇವತ್ತೂ ‘ಆಫ್’. ಎರಡನೇ ವರ್ಷದವರಿಗೂ “ಆಫ್ ಮಾಡ್ರೀ” ಎಂದು ಕೂಗಿದರು. ಹುಡುಗಿಯರು ಫ್ಯಾನ್ ಆಫ್ ಮಾಡಿ ಹೋದರು. ದೀಪಗಳು ಉರಿಯುತ್ತಲೇ ಇದ್ದವು, ಓಬಳಪ್ಪನೇ ಒಂದೊಂದಕ್ಕೂ ಮುಚ್ಚಳ ಹಾಕುತ್ತಾ ಬಂದರು.

ಪಾಸಾಗಲೇಬೇಕು. ನಲ್ಲೂರಿನ ಕೆಲಸಕ್ಕೆ ಒಂದೇ ಅಲ್ಲ ಈಗ.

ಜುಲೈ 19, ಶನಿವಾರ

ಶಾಂತಲಾ ಮೇಡಂ ಅಣಕು ವೈವಾ ತೆಗೆದುಕೊಂಡರು. ಲೂಪನ್ನು ಕಾಯಿಸಿದ ಕೂಡಲೇ ಬ್ಯಾಕ್ಟೀರಿಯಾಕ್ಕೆ ಮುಟ್ಟಿಸಿದರೆ ಏನಾಗುತ್ತದೆ? ಸತ್ತು ಹೋಗುತ್ತವೆ, ಅಗರಿನ ಅಂಚಿಗೆ ತಾಗಿಸಿ ತಣ್ಣಗೆ ಮಾಡಬೇಕು. ಒಂದು ಪ್ರಶ್ನೆ ಅರ್ಥವಾಗಲಿಲ್ಲ. ಇನ್ನೊಮ್ಮೆ ಹೇಳ್ತೀರಾ ಮೇಡಂ ಎಂದೆ. ಹೇಳಿದರು, ಉತ್ತರಿಸಿದೆ. ಇಪ್ಪತ್ತರಲ್ಲಿ ಹದಿನೇಳು ಸರಿಯಾದವು. ಮೂರು ತಪ್ಪಾದವಲ್ಲ, ಅದೇ ಕೊರೆಯುತ್ತಿದೆ.

ಬೆಳಿಗ್ಗೆ ಹೋಗುವಾಗ ಮಳೆ ಬರುತ್ತಿತ್ತು. ಕಂಡಕ್ಟರಿಗೆ ಕಾಲೇಜ್ ಗೇಟ್ ಹತ್ರ ನಿಲ್ಲಿಸ್ತೀರಾ ಎಂದೆ. ನಿಲ್ಲಿಸಿದ. ಮೂರು ವರ್ಷ ಬಸ್‌ಸ್ಟ್ಯಾಂಡಿನಿಂದ ಹಿಂದಕ್ಕೆ ನಡೆದಿದ್ದು ದಂಡ.

ಜುಲೈ 21, ಸೋಮವಾರ

ಬಿಳಿ ಕೋಟು ಒಗೆದು ಇಸ್ತ್ರಿಯಾಗಿದೆ. ಹಾಲ್ ಟಿಕೆಟ್, ರೆಕಾರ್ಡ್, ಬೆಂಕಿಪೊಟ್ಟಣ ಎರಡು, ಗಾಜಿನ ಮೇಲೆ ಬರೆಯುವ ಪೆನ್ಸಿಲ್. ಲ್ಯಾಬಿನಿಂದ ಹೊರಡುವಾಗ ಓಬಳಪ್ಪ ಹೇಳಿದ್ದು ಒಂದೇ ಮಾತು: “ಎಣಿಸಬ್ಯಾಡ.”

ಈ ಸಲದ ಪರೀಕ್ಷಕರು ಯಾರು ಎಂದು ಶಾಂತಲಾ ಮೇಡಂ ಅವರನ್ನು ಕೇಳಿದೆ. ಅದೇ ಮಂಗಳೂರು ಕಡೆಯ ಮೇಡಂ ಅಂತೆ. ಊಟ ಸೇರಲಿಲ್ಲ. ಆದರೂ ತಿಂದೆ.

ಜುಲೈ 22, ಮಂಗಳವಾರ

ಒಂದೂ ಬಿಡದೆ ಬರೆಯುತ್ತೇನೆ.

ಬೆಳಿಗ್ಗೆ ಆರೂವರೆಗೆ ಬಸ್ಸು. ಹೊನ್ನಾಳಿಯಲ್ಲಿ ಇಳಿದು ಚನ್ನಗಿರಿಯದನ್ನು ಹತ್ತಿದೆ. ಮರುಪರೀಕ್ಷೆಗೆ ನಾವು ಆರು ಜನ. ನನ್ನ ಹಿಂದಿನ ಮೇಜಿನಲ್ಲಿ ಜಗಳೂರಿನ ಹುಡುಗ, ಅವನ ಪಕ್ಕ ಚನ್ನಗಿರಿಯವಳೇ ಆಶಾ. ಮೇಡಂ ಅವರದು ಅದೇ ಕನ್ನಡಕ, ಅದೇ ದನಿ.

ಮೊದಲು ಗ್ರಾಂ ಸ್ಟೇನಿಂಗ್. ಎಣಿಸಲಿಲ್ಲ, ನೋಡಿದೆ. ನೇರಳೆ ನಿಂತ ಕ್ಷಣಕ್ಕೆ ತೊಳೆದೆ. ಮೇಡಂ ಮೈಕ್ರೋಸ್ಕೋಪಿನಲ್ಲಿ ಇಣುಕಿ, ಏನೂ ಹೇಳದೆ, ಕಾಗದದ ಮೇಲೆ ಏನೋ ಬರೆದುಕೊಂಡು ಮುಂದೆ ಹೋದರು. ಒಳ್ಳೆಯದಾದರೆ ಜನ ಏನೂ ಹೇಳುವುದಿಲ್ಲ ಎಂದು ಅಂದುಕೊಂಡೆ.

ಆಮೇಲೆ ಪ್ಲೇಟು. ಎಲ್ಲರೂ ದೀಪ ಹಚ್ಚಿ ಲೂಪ್ ಕೈಗೆ ತೆಗೆದುಕೊಂಡಿದ್ದೆವು. ಮೇಲೆ ಫ್ಯಾನ್ ತಿರುಗುತ್ತಿತ್ತು, ಉರಿ ಹೊಯ್ದಾಡುತ್ತಿತ್ತು. ಮೇಡಂ ಫ್ಯಾನ್ ನಿಲ್ಲಿಸಿ, ಬೋರ್ಡಿನ ಹತ್ತಿರ ನಿಂತು ಗಟ್ಟಿಯಾಗಿ ಹೇಳಿದರು.

“ಎಲ್ಲರೂ ದೀಪ ದೊಡ್ಡದು ಮಾಡಿ.”

ಗೊತ್ತಿದ್ದೂ ಗೊತ್ತಿದ್ದೂ ನನ್ನ ಕೈ ಮುಚ್ಚಳಕ್ಕೆ ಹೋಗಿತ್ತು. ಆಗಲೇ ಹಿಂದೆ ಟಪ್ ಎಂದು ಸದ್ದಾಯಿತು. ತಿರುಗಿದರೆ ಜಗಳೂರಿನ ಹುಡುಗ ದೀಪಕ್ಕೆ ಮುಚ್ಚಳ ಹಾಕಿ ಮುಂದೇನು ಎಂದು ಕಣ್ಣು ಬಿಡುತ್ತಿದ್ದ. ಆಶಾಳ ಕೈಯಲ್ಲೂ ಮುಚ್ಚಳ. ಅವನು ಇನ್ನು ಒಂದು ನಿಮಿಷಕ್ಕೆ ಗಾಬರಿಯಾಗಿ ಕಾಯಿಸದ ಲೂಪಿನಿಂದ ಗೆರೆ ಎಳೆಯುತ್ತಾನೆ, ನನಗೆ ಗೊತ್ತು. ಕೈ ಎತ್ತಿದೆ.

“ಮೇಡಂ, ಒಂದು ಕೇಳ್ಲಾ?”

“ಏನು?”

“ದೊಡ್ಡದು ಮಾಡಿ ಅಂದ್ರೆ ಉರಿ ಹೆಚ್ಚು ಮಾಡೋದಾ, ಆರಿಸೋದಾ?”

ಮೇಡಂ ನನ್ನನ್ನು ನೋಡಿದ ರೀತಿ ಹೇಳಲಾರೆ. “ದೊಡ್ಡದು ಅಂದರೆ ದೊಡ್ಡದು. ಆರಿಸುವುದು ಅದರಲ್ಲಿ ಎಲ್ಲಿಂದ ಬಂತು?”

“ನಮ್ಮ ಕಡೆ ದೀಪ ಆರಿಸು ಅನ್ನಲ್ಲ ಮೇಡಂ, ಕೆಟ್ಟದ್ದು ಅಂತ. ದೊಡ್ಡದು ಮಾಡು ಅಂತೀವಿ. ಹಿಂದೆ ನೋಡ್ರಿ.”

ನೋಡಿದರು. ಅಷ್ಟರಲ್ಲಿ ಆಶಾಳ ದೀಪವೂ ಆರಿತ್ತು. ಮೇಡಂ ನನ್ನ ಮೇಜಿನ ಹತ್ತಿರ ಬಂದರು.

“ಹೋದ ಸಲ ಹೊನ್ನಾಳಿಯಲ್ಲಿ ದೀಪಕ್ಕೆ ಮುಚ್ಚಳ ಹಾಕಿದವಳು ನೀನೇ ಅಲ್ಲವಾ?”

“ಹೌದು ಮೇಡಂ.”

“ಇದಕ್ಕೇನಾ?”

“ಹೌದು ಮೇಡಂ.”

“ಆವತ್ತು ಯಾಕೆ ಹೇಳಲಿಲ್ಲ?”

“ನೀವು ಕೇಳಲಿಲ್ಲ” ಎಂದು ಬಾಯಿಗೆ ಬಂದಿತ್ತು. ಆದರೆ ಅದು ಪೂರ್ತಿ ನಿಜವಲ್ಲ.

“ನಾನೂ ಕೇಳಲಿಲ್ಲ ಮೇಡಂ.”

ಅವರು ಕನ್ನಡಕ ತೆಗೆದು ಕೋಟಿನ ಅಂಚಿನಿಂದ ಒರೆಸಿದರು. “ಹೋದ ಸಲದ್ದಕ್ಕೆ ನಾನು ಈಗ ಅಂಕ ಕೊಡುವ ಹಾಗಿಲ್ಲ. ಗೆರೆ ಎಳೆ” ಎಂದರು. ಮತ್ತೆ ಎಲ್ಲರಿಗೂ ಕೇಳುವಂತೆ, “ಆರಿಸಿದವರು ಮತ್ತೆ ಹಚ್ಚಿ. ಬತ್ತಿ ಮೇಲೆ ಎಳೆದು ಉರಿ ಹೆಚ್ಚು ಮಾಡಿ. ಐದು ನಿಮಿಷ ಜಾಸ್ತಿ ಕೊಡುತ್ತೇನೆ” ಎಂದರು. ಜಗಳೂರಿನ ಹುಡುಗನ ಬೆಂಕಿಪೊಟ್ಟಣ ತೇವವಾಗಿತ್ತು, ನನ್ನ ಎರಡನೆಯದನ್ನು ಕೊಟ್ಟೆ.

ಕಾಯಿಸಿದೆ, ತಣ್ಣಗೆ ಮಾಡಿದೆ, ಎಳೆದೆ. ನಾಲ್ಕು ದಿಕ್ಕು. ಅಗರ್ ಎಲ್ಲೂ ಹರಿಯಲಿಲ್ಲ. ವೈವಾದಲ್ಲಿ ಹತ್ತಕ್ಕೆ ಎಂಟು ಹೇಳಿದೆ.

ಪರೀಕ್ಷೆಯ ನಡುವೆ ಬಾಯಿ ಹಾಕಬಾರದಿತ್ತೇನೋ. ಮೇಡಂಗೆ ಸಿಟ್ಟು ಬಂದಿದ್ದರೆ ಅಂಕಕ್ಕೆ ಹೊಡೆತ ಬೀಳುತ್ತದೆ. ಹೋಗಲಿ, ಆಗಿದ್ದು ಆಯಿತು.

ಜುಲೈ 23, ಬುಧವಾರ

ಪ್ಲೇಟು ನೋಡಲು ಮತ್ತೆ ಚನ್ನಗಿರಿಗೆ. ಕೊನೆಯ ಗೆರೆಯಲ್ಲಿ ಬಿಡಿ ಚುಕ್ಕೆಗಳು, ಎಣಿಸಿದೆ, ಹದಿನಾಲ್ಕು. ಪಾಸಾಗಲು ಬೇಕಾದ ಅಂಕವೂ ಅಷ್ಟೇ. ಶಕುನವನ್ನೆಲ್ಲ ನಂಬುವವಳಲ್ಲ ನಾನು, ಆದರೂ ಬರೆದಿಟ್ಟಿದ್ದೇನೆ.

ಆಗಸ್ಟ್ 8, ಶುಕ್ರವಾರ

ಇಪ್ಪತ್ತೆಂಟು!

ಮೂವತ್ತೈದಕ್ಕೆ ಇಪ್ಪತ್ತೆಂಟು. ಫೋನಿನಲ್ಲಿ ನಾಲ್ಕು ಸಲ ತೆರೆದು ನೋಡಿದೆ. ಗುರುಬಸವರಾಜ್ ಅವರಿಗೆ ಕಳಿಸಿದೆ, ಸೋಮವಾರದಿಂದ ಬಾ ಎಂದರು. ಬೆಳಿಗ್ಗೆ ಎಷ್ಟಕ್ಕೆ, ಏನೇನು ಕೆಲಸ, ಬಸ್ ತಪ್ಪಿದರೆ ಏನು ಮಾಡುವುದು ಎಂದು ಕೇಳಿ ಬರೆದುಕೊಂಡೆ. ಅಪ್ಪ ಅಂಗಡಿಯಲ್ಲಿ ಇದ್ದವರಿಗೆಲ್ಲ ಮಿರ್ಚಿ ಬಜ್ಜಿ ಹಂಚಿದ. ಕೊನೆಗೆ ಅಪ್ಪ ಅವ್ವ ಇಬ್ಬರಿಗೂ ನಿಜ ಹೇಳಿದೆ. ಅಪ್ಪ ನಗಲಿಲ್ಲ, ಅವ್ವ ಅತ್ತಳು. ಅತ್ತದ್ದು ಸಾಲದೆಂದು, ದೀಪಕ್ಕೆ ಇನ್ನು ಮುಂದೆ ಏನಂತ ಹೇಳಲಿ ಎಂದು ನನ್ನನ್ನೇ ಕೇಳಿದಳು. ನನಗೆ ಹೇಳುವಾಗ ದೊಡ್ಡದು ಮಾಡು ಅಂತಲೇ ಹೇಳವ್ವಾ, ನನಗೆ ಗೊತ್ತಾಗ್ತೈತೆ ಎಂದೆ.

ಮಧ್ಯಾಹ್ನ ಹೊನ್ನಾಳಿಗೆ ಹೋದೆ. ಲ್ಯಾಬಿನಲ್ಲಿ ಎರಡನೇ ವರ್ಷದವರ ಪ್ರಾಕ್ಟಿಕಲ್ ಮುಗಿಯುತ್ತಿತ್ತು. ಓಬಳಪ್ಪ ಸಿಂಕಿನ ಹತ್ತಿರ ಇದ್ದರು. ನನ್ನನ್ನು ಕಂಡು ಕೈ ಒರೆಸಿಕೊಂಡರು.

“ಇಪ್ಪತ್ತೆಂಟು” ಎಂದೆ.

“ಮೂವತ್ತೈದಕ್ಕಾ?”

“ಹೂಂ ರೀ.”

ಮುಖ ತಿರುಗಿಸಿ ನಲ್ಲಿ ಬಿಟ್ಟು ಮುಖ ತೊಳೆದುಕೊಂಡರು. ಚನ್ನಗಿರಿಯಲ್ಲಿ ಆದದ್ದನ್ನೆಲ್ಲ ಹೇಳಿದೆ. ಅವರದೇ ಕಡೆಯ ಹುಡುಗ ಟಪ್ ಎಂದು ಮುಚ್ಚಳ ಹಾಕಿದ್ದು, ನಾನು ಕೇಳಿದ್ದು, ಮೇಡಂ ಕನ್ನಡಕ ಒರೆಸಿದ್ದು. “ನಿಮ್ಮ ಮಾತು ಕೆಟ್ಟದ್ದಲ್ಲ ಓಬಳಪ್ಪಾರೇ. ಅರ್ಥ ಹೇಳಿಕೊಟ್ಟರೆ ಆಯ್ತು” ಎಂದೆ.

ಅಷ್ಟರಲ್ಲಿ ಗಂಟೆಯಾಯಿತು. ಹುಡುಗಿಯರು ಎದ್ದರು. ಓಬಳಪ್ಪ ಬಾಯಿ ತೆರೆದರು, ನನ್ನ ಕಡೆ ಒಮ್ಮೆ ನೋಡಿದರು, ಆಮೇಲೆ ಇಡೀ ಲ್ಯಾಬಿಗೆ ಕೇಳುವಂತೆ ಕೂಗಿದರು.

“ದೀಪ ದೊಡ್ಡದು ಮಾಡ್ರೀ! ಅಂದ್ರೆ, ಆರಿಸ್ರೀ!”

ಕೂಗಿದವರೇ ಬೆಚ್ಚಿ, “ಶಿವ ಶಿವಾ” ಎನ್ನುತ್ತಾ ಎರಡೂ ಕೈಯಿಂದ ಗಲ್ಲ ಬಡಿದುಕೊಂಡರು. ಒಂದಾದ ಮೇಲೆ ಒಂದು ಮುಚ್ಚಳಗಳು ಬಿದ್ದವು. ಕೊನೆಯ ದೀಪವನ್ನು ನಾನೇ ದೊಡ್ಡದು ಮಾಡಿ ಬಂದೆ.